ಮೀನಿಗೂ ಒಂದು ಚೀಟಿ

ಮಕ್ಕಳೇ, ಈ ವಾರ ನಿಮ್ಮ ಮುಂದೆ ನಾನೊಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಮುತ್ಯಾ ಆದವರು ತಪ್ಪೇ ಮಾಡುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ನಿಮ್ಮ ಆಯಿಯನ್ನು ಒಂದು ಮಾತು ಕೇಳಿ ನೋಡಿ. ಅವರ ಹತ್ತಿರ ದೊಡ್ಡ ಪಟ್ಟಿಯೇ ಇರುತ್ತದೆ. ನನ್ನ ಪಟ್ಟಿಗೆ ಈಚೆಗೆ ಸೇರಿದ್ದು ಮೀನಿನ ವಿಷಯ.

ನಮ್ಮ ಮನೆ ಕೋಟನೂರಿನಲ್ಲಿ. ಒಂದು ಕಾಲಕ್ಕೆ ಇದು ಕಲಬುರಗಿಯಿಂದ ಜೇವರ್ಗಿ ಕಡೆಗೆ ಹೋಗುವಾಗ ಸಿಗುತ್ತಿದ್ದ ಹಳ್ಳಿ. ಈಗ ಪಟ್ಟಣವೇ ನಡೆದುಕೊಂಡು ಬಂದು ನಮ್ಮನ್ನು ಸೇರಿಸಿಕೊಂಡಿದೆ. ತೊಗರಿ ಹೊಲ ಇದ್ದ ಕಡೆ ಮೊಬೈಲ್ ಅಂಗಡಿ, ಬೇಕರಿ, ಜೆರಾಕ್ಸ್ ಅಂಗಡಿ ಎದ್ದಿವೆ. ಹೋದ ದೀಪಾವಳಿಯ ಹೊತ್ತಿಗೆ ಒಂದು ಬಣ್ಣದ ಮೀನಿನ ಅಂಗಡಿಯೂ ಬಂತು. ಒಳಗೆಲ್ಲ ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್. ಅವು ಸಿಹಿನೀರಿನ ಮೀನುಗಳು. ಬಾಗಿಲ ಎದುರಿಗೆ ಮಾತ್ರ ಒಂದು ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಎಳೆದಂತಿರುವ ಎರಡು ಮೀನು. ಸಮುದ್ರದ ಮೀನು! ನಕಾಶೆಯ ಮೇಲೆ ನೆಟ್ಟಗೆ ಗೆರೆ ಎಳೆದರೂ ನಮ್ಮೂರಿಗೂ ಅರಬ್ಬಿ ಸಮುದ್ರಕ್ಕೂ 350 ಕಿಲೋಮೀಟರಿಗಿಂತ ಹೆಚ್ಚು ದೂರ. ಅಂಥ ಊರಲ್ಲಿ ಸಮುದ್ರದ ಮೀನು ಬಂದರೆ ಕೇಳಬೇಕೇ? ಶಾಲೆ ಬಿಟ್ಟ ಹುಡುಗರೆಲ್ಲ ಆ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದರು.

ಒಬ್ಬ ಹುಡುಗ ಮಾತ್ರ ನಿಲ್ಲುತ್ತಿರಲಿಲ್ಲ. ಅಂಗಡಿ ಬಂತೆಂದರೆ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದ. ಅವನು ನನ್ನ ಮೊಮ್ಮಗ, ಐದನೆಯ ಇಯತ್ತೆ. ಅವನು ಯಾಕೆ ಹಾಗೆ ಹೋಗುತ್ತಾನೆ ಅಂತ ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದಿನ ಮಾತು. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಅನ್ನುವ ಮೀನಿನ ಸಿನಿಮಾವನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ನೀಮೋ ಬೇಕೇ ಬೇಕು ಅಂತ ಹಟ ಹಿಡಿದ. ದೊಡ್ಡ ಊರೊಂದಕ್ಕೆ ಮದುವೆಗೆ ಹೋದಾಗ ಅಲ್ಲಿಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. 100 ಲೀಟರಿನ ತೊಟ್ಟಿ, ಸಮುದ್ರದ ಉಪ್ಪಿನ ಚೀಲ, ನೀರು ತಿರುಗಿಸುವ ಪಂಪು, ಅವರ ಹಳೇ ತೊಟ್ಟಿಯ ಒಂದಿಷ್ಟು ಕಲ್ಲು, ಎರಡು ಮೀನು. ದೊಡ್ಡ ಬಿಲ್ಲು. “ಕಷ್ಟ ಏನೂ ಇಲ್ಲವಲ್ಲ?” ಅಂತ ನಾನು ಕೇಳಿದೆ. “ಏನೇನೂ ಇಲ್ಲ. ಒಂದು ಲೀಟರಿಗೆ 35 ಗ್ರಾಮ್ ಉಪ್ಪು ಹಾಕಿ, ದಿನಕ್ಕೆ ಎರಡು ಸಲ ಕಾಳು ಹಾಕಿ, ಸಾಕು” ಅಂದರು. ಅಷ್ಟೇ ಮಾತು. ನಾನೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಮಾರ್ಚ್, ಏಪ್ರಿಲ್ ಮೀನು ಆರಾಮಾಗಿದ್ದವು. ಮೊಮ್ಮಗ ಶಾಲೆಯಿಂದ ಬಂದವನೇ ಚೀಲ ಸಹ ಇಳಿಸದೆ ತೊಟ್ಟಿಯ ಮುಂದೆ ಕೂಡುತ್ತಿದ್ದ. ಮೇ ಬಂತು. ನಮ್ಮ ಕಡೆಯ ಮೇ ತಿಂಗಳು ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. 43 ಡಿಗ್ರಿ ಮುಟ್ಟಿದ ದಿನ ಕಾಗೆ ಕೂಡ ಕೂಗುವುದಿಲ್ಲ. ನೀರು ತಂಪಾಗಲಿ ಅಂತ ತೊಟ್ಟಿಯ ಮುಚ್ಚಳ ತೆಗೆದು, ಫ್ಯಾನ್ ಹಚ್ಚಿದೆ. ದಿನಕ್ಕೆ ಎರಡು ಲೀಟರಿನಷ್ಟು ನೀರು ಇಳಿಯತೊಡಗಿತು. ನಾನು ದಿನಾ ಮುಂಜಾನೆ ತಕ್ಕಡಿಯಲ್ಲಿ ಉಪ್ಪು ತೂಗಿ, ಎರಡು ಲೀಟರ್ ಉಪ್ಪುನೀರು ಕಲಸಿ, ಇಳಿದಷ್ಟನ್ನೂ ತುಂಬಿಸುತ್ತಿದ್ದೆ. ಎಷ್ಟು ಶಿಸ್ತು ನೋಡಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಇಪ್ಪತ್ತು ದಿನ ಕಳೆಯುವುದರೊಳಗೆ ಒಂದು ಮೀನು ಮಗ್ಗುಲಾಗಿ ತೇಲಿತು. ಎರಡು ದಿನಕ್ಕೆ ಇನ್ನೊಂದು. ಮೊಮ್ಮಗ ಅಳುತ್ತಿದ್ದ. ನನಗೆ ಏನು ಹೇಳಬೇಕೋ ತಿಳಿಯದೆ, “ನೀ ಕಾಳು ಬಾಳ ಹಾಕಿದಿ, ಅದಕ್ಕ ಸತ್ತವು” ಅಂದುಬಿಟ್ಟೆ. ಅವನು ಅಳು ನಿಲ್ಲಿಸಿದ. ತಾನೇ ತೊಟ್ಟಿ ತೊಳೆದು ಅಟ್ಟದ ಮೇಲೆ ಇಡಿಸಿದ. ಅಂದಿನಿಂದ ಮೀನಿನ ಮಾತೇ ಎತ್ತಲಿಲ್ಲ.

ಈಗ ಹೊಸ ಅಂಗಡಿಗೆ ಬರೋಣ. ಒಂದು ಸಂಜೆ ನಾನೊಬ್ಬನೇ ಒಳಗೆ ಹೋದೆ. ಅಂಗಡಿಯವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಸಮುದ್ರದ ತೊಟ್ಟಿಯ ಪಕ್ಕದಲ್ಲಿ ಒಂದು ಹಲಗೆ ತೂಗು ಹಾಕಿ ಬಳಪದಲ್ಲಿ ಬರೆದಿದ್ದ: ಉಪ್ಪು 1.025. ಶಾಖ 26. ಹಾಕಿದ ಸಿಹಿನೀರು 1 ಲೀಟರ್.

“ಏನಪಾ ಇದು, ಉಪ್ಪುನೀರಿನ ಮೀನಿಗೆ ಸಿಹಿನೀರು ಹಾಕ್ತಿ?” ಅಂದೆ.

“ಹೌದ್ರಿ ಕಾಕಾ. ಬಿಸಿಲಿಗೆ ನೀರು ಹಾರಿ ಹೋಗ್ತದ, ಉಪ್ಪು ಹಾರಿ ಹೋಗಂಗಿಲ್ಲ. ಅದು ತೊಟ್ಟಿಯಾಗೇ ಉಳೀತದ. ಅದಕ್ಕ ಬರೇ ಸಿಹಿನೀರು ಹಾಕಬೇಕು. ಉಪ್ಪುನೀರು ಹಾಕಿದ್ರ ದಿನಾ ಉಪ್ಪು ಕೂಡ್ತಾ ಹೋಗ್ತದ, ಮೀನು ಉಳಿಯಂಗಿಲ್ಲ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮಕ್ಕಳೇ, ನೀವೂ ಪೆನ್ಸಿಲ್ ತಗೊಳ್ಳಿ, ನಾನು ಮಾಡಿದ ಲೆಕ್ಕ ಮಾಡಿ. 100 ಲೀಟರ್ ನೀರು, ಲೀಟರಿಗೆ 35 ಗ್ರಾಮ್. ಮೊದಲ ದಿನ ತೊಟ್ಟಿಯಲ್ಲಿ ಇದ್ದ ಉಪ್ಪು ಮೂರೂವರೆ ಕಿಲೋ. ದಿನಾ ಎರಡು ಲೀಟರ್ ಉಪ್ಪುನೀರು ಹಾಕಿದರೆ ದಿನಕ್ಕೆ 70 ಗ್ರಾಮ್ ಉಪ್ಪು ಹೆಚ್ಚಾಯಿತು. 20 ದಿನಕ್ಕೆ 1,400 ಗ್ರಾಮ್. ಮೂರೂವರೆ ಕಿಲೋ ಇದ್ದದ್ದು 4 ಕಿಲೋ 900 ಗ್ರಾಮ್ ಆಯಿತು. ಲೀಟರಿಗೆ 35 ಇದ್ದದ್ದು 49! ಸಮುದ್ರದಲ್ಲಿ ಹುಟ್ಟಿದ ಮೀನನ್ನು ಸಮುದ್ರಕ್ಕಿಂತ ಎಷ್ಟೋ ಉಪ್ಪಾದ ನೀರಿನಲ್ಲಿ ಇಟ್ಟಿದ್ದೆ, ಅದೂ ತೂಗಿ ತೂಗಿ, ಶಿಸ್ತಿನಿಂದ.

ಮನೆಗೆ ಬಂದು ನಮ್ಮಾಕಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. “ಸಾರು ಬತ್ತಿದರ ಏನ್ ಹಾಕ್ತೀವಿ? ನೀರು. ಮತ್ತ ಉಪ್ಪು ಹಾಕಿದರ ಯಾರು ಉಣ್ತಾರ? ನನಗೊಂದು ಮಾತು ಕೇಳಬೇಕಿತ್ತು” ಅಂದಳು.

ಉಪ್ಪು ಹೆಚ್ಚಾದರೆ ಮೀನಿಗೆ ಏನಾಗುತ್ತದೆ ಅನ್ನುವುದೂ ಅಡುಗೆಮನೆಯಲ್ಲೇ ಇದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಇಟ್ಟರೆ ಮರುದಿನ ಹೋಳು ನೀರು ಬಿಟ್ಟಿರುತ್ತದೆ, ಅಲ್ಲವೇ? ಉಪ್ಪು ನೀರನ್ನು ಎಳೆಯುತ್ತದೆ. ಸಮುದ್ರದ ಮೀನಿನ ಮೈಯಿಂದಲೂ ಉಪ್ಪು ಹಾಗೆಯೇ ಸದಾ ನೀರು ಎಳೆಯುತ್ತಿರುತ್ತದೆ. ಅದಕ್ಕೇ ಸಮುದ್ರದ ಮೀನು ನೀರಿನಲ್ಲೇ ಇದ್ದರೂ ಮತ್ತೆ ಮತ್ತೆ ನೀರು ಕುಡಿಯುತ್ತದೆ, ಕುಡಿದ ನೀರಿನ ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಗೆ ಹಾಕುತ್ತದೆ. ಅದಕ್ಕೆ ಅದರ ಶಕ್ತಿ ಖರ್ಚಾಗುತ್ತದೆ. ಉಪ್ಪು ಏರುತ್ತ ಹೋದಂತೆ ಆ ದುಡಿಮೆಯೂ ಏರುತ್ತದೆ, ಕೊನೆಗೆ ಕೈಸೋಲುತ್ತದೆ.

ಅಂದು ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದಾಗ ಮೊಮ್ಮಗನಿಗೆ ಎಲ್ಲ ಹೇಳಿದೆ.

“ಹಂಗಾದ್ರ ನಾ ಕಾಳು ಬಾಳ ಹಾಕಿದ್ದಕ್ಕ ಸಾಯಲಿಲ್ಲೇನು ಮುತ್ಯಾ?”

“ಇಲ್ಲಪಾ. ನಾ ಉಪ್ಪು ಹಾಕಿದ್ದಕ್ಕ.”

ಅವನು ಬಹಳ ಹೊತ್ತು ಚುಕ್ಕೆ ನೋಡುತ್ತ ಸುಮ್ಮನಿದ್ದ. ಆಮೇಲೆ ಕೇಳಿದ: “ನಿನಗ ಗೊತ್ತಿಲ್ಲದಿದ್ರ ನನ್ನ ಹೆಸರು ಯಾಕ ಹೇಳಿದಿ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅಜ್ಜ-ಅಜ್ಜಿಯರೇ, ನಮಗೆ ಕಾರಣ ಗೊತ್ತಿಲ್ಲದಾಗ ‘ಗೊತ್ತಿಲ್ಲ’ ಅನ್ನುವುದು ಎಷ್ಟು ಸಣ್ಣ ಮಾತು. ಅದನ್ನು ಅನ್ನಲಾರದೆ ಎರಡು ವರ್ಷ ಒಂದು ಮಗುವಿನ ಎದೆಯ ಮೇಲೆ ಕಲ್ಲು ಇಟ್ಟಿದ್ದೆ.

ನನಗೆ ಹೆಚ್ಚು ನಾಚಿಕೆ ಆದದ್ದಕ್ಕೆ ಇನ್ನೊಂದು ಕಾರಣವಿದೆ. ನಾನು ನೌಕರಿ ಮಾಡಿದ್ದು ರೈತರ ಸೊಸೈಟಿಯಲ್ಲಿ, ಬೀಜದ ಕೌಂಟರಿನಲ್ಲಿ. ಜೀವ ಇರುವ ಸರಕನ್ನೇ ಇಡೀ ಆಯುಷ್ಯ ಮಾರಿದವನು! ಬೀಜವೂ ಜೀವವೇ. 1966ರಲ್ಲಿ ಬಂದ ಬೀಜ ಕಾಯ್ದೆಯ ಪ್ರಕಾರ ಬೀಜದ ಚೀಲದ ಮೇಲೆ ಚೀಟಿ ಇರಲೇಬೇಕು. ಯಾವ ತಳಿ, ಎಷ್ಟು ಶುದ್ಧ, ನೂರಕ್ಕೆ ಎಷ್ಟು ಕಾಳು ಮೊಳೆಯುತ್ತವೆ, ಯಾವಾಗ ಪರೀಕ್ಷೆ ಮಾಡಿದ್ದು, ಎಂದಿನವರೆಗೆ ನಡೆಯುತ್ತದೆ, ಎಲ್ಲ. ಪ್ರಮಾಣಿತ ತೊಗರಿ ಬೀಜವಾದರೆ ನೂರಕ್ಕೆ ಕನಿಷ್ಠ 75 ಕಾಳು ಮೊಳೆಯಬೇಕು. ಚೀಟಿ ಒಂದೇ ಅಲ್ಲ. ರೈತ ಬಂದರೆ ನಾವು ಮೊದಲು ಕೇಳುತ್ತಿದ್ದೆವು: ಎರಿ ಭೂಮಿಯೋ, ಮಡ್ಡಿಯೋ? ಹೋದ ವರ್ಷ ನೆಟೆ ರೋಗ ಬಂದಿತ್ತೋ? ಬಂದಿದ್ದರೆ ನೆಟೆ ತಡೆಯುವ ಮಾರುತಿಯೋ, ಟಿಎಸ್-3ಆರ್ ತಳಿಯೋ ಒಯ್ಯಿರಿ ಅನ್ನುತ್ತಿದ್ದೆವು. ನಮ್ಮ ಹಿರಿಯ ಗುಮಾಸ್ತರು ಹೊಸಬರಿಗೆ ಒಂದೇ ಪಾಠ ಹೇಳುತ್ತಿದ್ದರು: ಮೊದಲು ಕೇಳು, ಆಮೇಲೆ ಹೇಳು, ಕೊನೆಗೆ ಮಾರು. ಹಾಗೆ ಬೆಳೆದವನು ನಾನು, ಎರಡು ಮೀನು ಕೊಳ್ಳುವಾಗ ಚೀಟಿ ಎಲ್ಲಿ ಅಂತ ಕೇಳಲಿಲ್ಲ.

ಮರುದಿನ ಮೊಮ್ಮಗನನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಈ ಸಲ ಅವನು ರಸ್ತೆ ದಾಟಲಿಲ್ಲ. ಅಂಗಡಿಯವನಿಗೆ ನಮ್ಮ ಕಥೆ ಹೇಳಿದೆ. ಅವನು ಹಲಗೆಯ ಕಡೆ ನೋಡಿ, “ಕಾಕಾ, ನನ್ನ ನೆನಪಿಗಂತ ಬರ್ಕೊಂಡಿದ್ದೆ. ಗಿರಾಕಿಗೆ ಹೇಳ್ಬೇಕಂತ ಹೊಳೀಲಿಲ್ಲ ನೋಡ್ರಿ” ಅಂದ. ಆಮೇಲೆ ತಲೆ ಕೆರೆದುಕೊಂಡು, “ಆದ್ರ ಎಲ್ಲಾ ಹೇಳಿದ್ರ ಗಿರಾಕಿ ಓಡಿ ಹೋಗ್ತಾರಲ್ರೀ?” ಅಂದ.

ಅವನ ಭಯ ಸುಳ್ಳಲ್ಲ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು ಅವನಿಗೂ ಇದೆ. ನಾನು ಹೇಳಿದೆ: “ಮಡ್ಡಿ ಭೂಮಿಯ ರೈತನಿಗೆ ‘ಈ ಬೀಜ ನಿನ್ನ ಹೊಲಕ್ಕ ಬ್ಯಾಡ’ ಅಂತ ನಾ ವಾಪಸ್ ಕಳಿಸಿದ್ದುಂಟು. ಅವತ್ತಿನ ವ್ಯಾಪಾರ ಹೋಯ್ತು. ಆದ್ರ ಮುಂದಿನ ವರ್ಷ ಅವ ತಮ್ಮ ಊರಿನ ಇನ್ನೂ ನಾಲ್ಕು ಮಂದೀನ ಕರ್ಕೊಂಡು ಬಂದ. ನಮಗ ಮೀನು ಕೊಟ್ಟ ಅಂಗಡಿಗೆ ನಾವು ಮತ್ತ ಹೋದೆವೇನು?” ಅವನು ನಕ್ಕ. ಜೆರಾಕ್ಸ್ ಅಂಗಡಿಯಿಂದ ಹಾಳೆ ತಂದ. ನಾವು ಮೂವರೂ ಚೀಟಿ ಬರೆಯಲು ಕುಳಿತೆವು.

ಮೊದಲು ಅವನು ಹೇಳಿದ್ದನ್ನೆಲ್ಲ ನಾನು ಬರೆದೆ. ಎರಡು ಪುಟವಾಯಿತು. ಮೊಮ್ಮಗ ನೋಡಿ, “ಇಷ್ಟು ಯಾರ ಓದ್ತಾರ ಮುತ್ಯಾ? ನಾನೇ ಓದಂಗಿಲ್ಲ” ಅಂದ. ಸರಿ, ಯಾವುದು ಗೊತ್ತಿಲ್ಲದಿದ್ದರೆ ಮೀನು ಸಾಯುತ್ತದೋ ಅದನ್ನು ಮಾತ್ರ ಉಳಿಸಿದೆವು. ಕೊನೆಗೆ ಹೀಗಾಯಿತು:

ಹೆಸರು: ಕ್ಲೌನ್ ಮೀನು.
ಹುಟ್ಟಿದ್ದು: ಮೀನುಮರಿ ಕೇಂದ್ರದಲ್ಲಿ.
ನಮ್ಮ ಅಂಗಡಿಗೆ ಬಂದು ಎಷ್ಟು ದಿನವಾಯಿತು: (ಬಳಪದಲ್ಲಿ ಬರೆಯುವುದು).
ಬೆಳೆದಾಗ ಉದ್ದ: 8ರಿಂದ 10 ಸೆಂಟಿಮೀಟರ್.
ಆಯುಷ್ಯ: ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಹೆಚ್ಚು.
ಹೊಸ ತೊಟ್ಟಿಗೆ: ನೀರು ಹದವಾಗಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಬೇಡ.
ನೀರು ಇಳಿದರೆ: ಶುದ್ಧ ಸಿಹಿನೀರು ಮಾತ್ರ. ಉಪ್ಪುನೀರು ಬೇಡವೇ ಬೇಡ.
ಶಾಖ: 25ರಿಂದ 27 ಡಿಗ್ರಿ. ಬೇಸಿಗೆಗೆ ಏನು ಮಾಡುತ್ತೀರಿ?
ಕರೆಂಟ್ ಹೋದರೆ: ಬ್ಯಾಟರಿ ಗಾಳಿ ಪಂಪು ಇದೆಯೇ?
ಬೇಡವಾದರೆ: ಕೆರೆಗೆ ಬಿಡಬೇಡಿ. ನಮಗೇ ತಂದುಕೊಡಿ.

ಇದರಲ್ಲಿ ಕೆಲವು ಸಾಲಿನ ಹಿಂದೆ ಒಳ್ಳೆಯ ಕಥೆಗಳಿವೆ, ಹೇಳುತ್ತೇನೆ.

ನೀರು ಹದವಾಗುವುದು ಅಂದರೆ ಏನು? ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಒಂದು ಜಾತಿ ಬ್ಯಾಕ್ಟೀರಿಯ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿ ಬ್ಯಾಕ್ಟೀರಿಯ ಅದನ್ನು ನೈಟ್ರೇಟ್ ಮಾಡುತ್ತವೆ. ಅದರ ಅಪಾಯ ಬಹಳ ಕಡಿಮೆ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಎರಡೂ ಜಾತಿ ತೊಟ್ಟಿಯಲ್ಲಿ ನೆಲೆಸಲು ವಾರಗಟ್ಟಲೆ ಬೇಕು. ಹಳೇ ತೊಟ್ಟಿಯ ಕಲ್ಲು ತಂದು ಹಾಕಿದರೆ ಬೇಗ ಆಗುತ್ತದೆ. ಆಯಿ ಹಾಲಿಗೆ ಹೆಪ್ಪು ಹಾಕುತ್ತಾರಲ್ಲ, ಹಾಗೆ. ನಮ್ಮ ಮೀನು ಎರಡು ತಿಂಗಳಾದರೂ ಬದುಕಿದ್ದು ಆ ಹೆಪ್ಪಿನ ಪುಣ್ಯದಿಂದ.

ಶುದ್ಧ ಸಿಹಿನೀರು ಯಾಕೆ, ಬೋರಿನ ನೀರು ಯಾಕಲ್ಲ? ಅದೇ ಸಾರಿನ ಲೆಕ್ಕ. ನಮ್ಮ ಕಡೆಯ ಬೋರಿನ ನೀರಿನಲ್ಲಿ ಸುಣ್ಣ ಜಾಸ್ತಿ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ನೀವು ನೋಡಿದ್ದೀರಿ. ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಅದಕ್ಕೆ ಫಿಲ್ಟರ್ ಮಾಡಿದ ಆರ್‌ಒ ನೀರೇ ಬೇಕು. ತಮಾಷೆ ಕೇಳಿ: ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಕೂಡ ಸುಣ್ಣದ ಕಲ್ಲೇ. ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದಾಗ ಅದರ ತಳದಲ್ಲಿ ಪದರು ಪದರಾಗಿ ಕುಳಿತದ್ದು. ಸಮುದ್ರ ನಮಗೆ ಅಷ್ಟೇನೂ ಹೊಸದಲ್ಲ, ಬಹಳ ದಿನದಿಂದ ಬಂದಿಲ್ಲ, ಅಷ್ಟೇ.

ಕಡಲ ದಂಡೆಯ ಊರಿನವರಿಗೆ ಈ ಕಷ್ಟ ಕಡಿಮೆ. ಮುಂಬೈಗೆ ರೈಲು ಹತ್ತಿದ ನಮ್ಮ ಕಡೆಯ ಹಿರಿಯರು ಅಲ್ಲಿಯ ತಾರಾಪೋರ್‌ವಾಲಾ ಮತ್ಸ್ಯಾಲಯ ನೋಡಿರಬಹುದು. 1951ರಲ್ಲಿ ತೆರೆದದ್ದು, ಮರೀನ್ ಡ್ರೈವ್ ಮೇಲೆ. ರಸ್ತೆ ದಾಟಿದರೆ ಸಮುದ್ರ. ನಾವು ಒಣಭೂಮಿಯವರು ಸಮುದ್ರವನ್ನು ಮನೆಯಲ್ಲೇ ಅಡುಗೆ ಮಾಡಿಕೊಳ್ಳಬೇಕು. ಅಡುಗೆ ಅಂದ ಮೇಲೆ ಅಳತೆ ಬೇಕು. ಹಾಲಿನ ಡೇರಿಯವರು ಲ್ಯಾಕ್ಟೋಮೀಟರ್ ಇಳಿಸಿ ನೋಡುತ್ತಾರಲ್ಲ, ಅಂಥದೇ ಒಂದು ಹೈಡ್ರೋಮೀಟರ್ ಇಳಿಸಿದರೆ ನೀರಿನ ಉಪ್ಪು ತಿಳಿಯುತ್ತದೆ. ಹಲಗೆಯ ಮೇಲಿದ್ದ 1.025 ಅದೇ. ನಮಗೆ ಉಪ್ಪಿನ ಚೀಲ ಕೊಟ್ಟವರು ಈ ಸಣ್ಣ ಸಾಮಾನು ತೋರಿಸಿದ್ದರೆ ಸಾಕಿತ್ತು.

ಇನ್ನು ‘ಹುಟ್ಟಿದ್ದು’ ಅನ್ನುವ ಸಾಲು. ಬೀಜದಲ್ಲಿ ಪ್ರಮಾಣಿತಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ ಅಂತ ಇದೆ. ಮೊಮ್ಮಗನಿಗೆ ಇದು ಹಿಡಿಸಿತು. ಮೀನುಮರಿ ಕೇಂದ್ರದಲ್ಲಿ ಹುಟ್ಟಿದ ಮೀನಿಗೆ ನೀಲಿ ಚೀಟಿ, ಸಮುದ್ರದಲ್ಲಿ ಹಿಡಿದದ್ದಕ್ಕೆ ಬಿಳಿ ಚೀಟಿ ಅಂತ ಅವನೇ ಗೊತ್ತುಮಾಡಿದ. ಕ್ಲೌನ್ ಮೀನನ್ನು ನಮ್ಮ ದೇಶದಲ್ಲೇ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ವಿದ್ಯೆ ಕಂಡುಕೊಂಡಿದ್ದಾರೆ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ಹೆಣ್ಣುಮಕ್ಕಳು ತರಬೇತಿ ಪಡೆದು ಇಂಥ ಮೀನು ಸಾಕುತ್ತಾರೆ. ಮೊಟ್ಟೆಯನ್ನು ಕಾಯುವುದು ಅಪ್ಪ ಮೀನು; ಕೆಟ್ಟ ಮೊಟ್ಟೆ ತೆಗೆಯುತ್ತ, ರೆಕ್ಕೆಯಿಂದ ಗಾಳಿ ಬೀಸುತ್ತ ಒಂದು ವಾರದ ಮೇಲೆ ಕಾಯುತ್ತದೆ. ತೊಟ್ಟಿಯಲ್ಲಿ ಹುಟ್ಟಿದ ಮರಿ ತೊಟ್ಟಿಯ ಬಾಳಿಗೆ ಒಗ್ಗಿರುತ್ತದೆ, ಕಾಳು ತಿನ್ನಲು ಕಲಿತಿರುತ್ತದೆ.

ಎಲ್ಲ ಮೀನಿಗೂ ಈ ಭಾಗ್ಯವಿಲ್ಲ. ಅದೇ ಸಿನಿಮಾದ ಡೋರಿ, ಆ ನೀಲಿ ಮೀನು, ತೊಟ್ಟಿಯಲ್ಲಿ ಮೊದಲ ಸಲ ಮರಿಯಾಗಿ ಬೆಳೆದದ್ದು 2016ರಲ್ಲಿ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ. ಅಂಗಡಿಯಲ್ಲಿ ಅಂಗೈಗಿಂತ ಚಿಕ್ಕದಾಗಿ ಕಂಡರೂ ಅದು ಒಂದು ಅಡಿಯವರೆಗೆ ಬೆಳೆಯುತ್ತದೆ. ನಮ್ಮ 100 ಲೀಟರಿನ ತೊಟ್ಟಿ ಅದಕ್ಕೆ ಬಚ್ಚಲುಮನೆ ಇದ್ದಂತೆ. ಬಲೆಯಿಂದ ಜೋಪಾನವಾಗಿ ಮೀನು ಹಿಡಿದು ಹೊಟ್ಟೆ ಹೊರೆಯುವ ಬಡ ಮುಳುಗುಗಾರರೂ ಇದ್ದಾರೆ. ಆದರೆ ಫಿಲಿಪ್ಪೀನ್ಸ್ ಕಡೆ 1960ರ ದಶಕದಿಂದ ಸಯನೈಡ್ ವಿಷ ಚಿಮುಕಿಸಿ, ಮೀನಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ರೂಢಿಯೂ ಬೆಳೆಯಿತು. ಅದರಿಂದ ಹವಳವೂ ಸಾಯುತ್ತದೆ. ಅದಕ್ಕೇ ‘ಎಲ್ಲಿಂದ ಬಂತು?’ ಅನ್ನುವುದು ಒಳ್ಳೆಯ ಗಿರಾಕಿ ಕೇಳಲೇಬೇಕಾದ ಪ್ರಶ್ನೆ. ಹವಳ ಮತ್ತು ಕಡಲ ಕುದುರೆಯ ವಿಷಯದಲ್ಲಂತೂ ಪ್ರಶ್ನೆಯೇ ಇಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಸರೆಯಲ್ಲಿವೆ. ನಮ್ಮ ಸಮುದ್ರದಿಂದ ಅವನ್ನು ಹಿಡಿಯುವುದು, ಮಾರುವುದು ಅಪರಾಧ. “ಒಬ್ಬರು ಕಡಲ ಕುದುರೆ ಕೇಳ್ಕೊಂಡು ಬಂದಿದ್ರು” ಅಂದ ಅಂಗಡಿಯವನು. ಹಾಗಾಗಿ ಗೋಡೆಗೊಂದು ಬೇರೆ ಹಾಳೆ ಅಂಟಿಸಿದೆವು: ‘ಹವಳ, ಕಡಲ ಕುದುರೆ ಮಾರುವುದಿಲ್ಲ. ಅವು ಸಮುದ್ರದಲ್ಲೇ ಚೆಂದ.’

ಚೀಟಿ ಬರೆದರೆ ಕೆಲಸ ಮುಗಿಯಲಿಲ್ಲ. ಓದಲು ಬಾರದವರು ಬರುತ್ತಾರೆ, ಕನ್ನಡ ಓದಲು ಬಾರದವರು ಬರುತ್ತಾರೆ. ಜೆರಾಕ್ಸ್ ಅಂಗಡಿಯ ಸಾಹೇಬರು ಹಿಂಬದಿಗೆ ಉರ್ದುವಿನಲ್ಲಿ ಬರೆದುಕೊಟ್ಟರು. ‘ನೀರು ಇಳಿದರೆ’ ಅನ್ನುವ ಸಾಲಿನ ಪಕ್ಕ ಮೊಮ್ಮಗ ಚಿತ್ರ ಬರೆದ: ಒಂದು ತೊಟ್ಟಿ, ಅದರ ಮೇಲೆ ನೀರಿನ ತಂಬಿಗೆ, ಪಕ್ಕದಲ್ಲಿ ಉಪ್ಪಿನ ಚೀಲಕ್ಕೆ ದೊಡ್ಡ ಕಾಟು. ನಾನು ಬೀಜದ ಕೌಂಟರಿನ ಒಂದು ಪದ್ಧತಿ ಹೇಳಿಕೊಟ್ಟೆ. ದುಡ್ಡು ತಗೊಳ್ಳುವ ಮೊದಲು ಗಿರಾಕಿಯ ಬಾಯಿಂದಲೇ ಹೇಳಿಸಬೇಕು: “ಈಗ ನೀವ್ ಹೇಳ್ರಿ, ನೀರು ಇಳಿದ್ರ ಏನ್ ಹಾಕ್ತೀರಿ?” ಅವರು ಸರಿಯಾಗಿ ಹೇಳಿದರೆ ನಾವು ಹೇಳಿದ್ದು ಮುಟ್ಟಿದೆ ಅಂತ ಅರ್ಥ. ತಲೆ ಆಡಿಸಿದರೆ ಮುಟ್ಟಿಲ್ಲ. ಇನ್ನೊಂದು ನಿಯಮ ಅಂಗಡಿಯವನೇ ಮಾಡಿಕೊಂಡ. ತೊಟ್ಟಿ ಒಯ್ದವರಿಗೆ ಅದೇ ದಿನ ಮೀನು ಕೊಡುವುದಿಲ್ಲ. ವಾರಕ್ಕೊಮ್ಮೆ ತಮ್ಮ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತರಬೇಕು, ಅವನು ಪುಕ್ಕಟೆ ಪರೀಕ್ಷೆ ಮಾಡಿ ಕೊಡುತ್ತಾನೆ. ನೀರು ಹದಕ್ಕೆ ಬಂದ ಮೇಲೆ ಮೀನು.

ಮೊದಲ ಪರೀಕ್ಷೆ ಯಾರಿಗೆ ಬಂತು ಗೊತ್ತೇ? ನಮಗೇ. ಎಲ್ಲ ಬರೆದು ಮುಗಿದ ಮೇಲೆ ನಾನು ಮೊಮ್ಮಗನಿಗೆ, “ಹಳೇ ತೊಟ್ಟಿ ಅಟ್ಟದಿಂದ ಇಳಿಸಲೇನು? ಈ ಸಲ ಸರಿ ಮಾಡೂಣು” ಅಂದೆ. ಅವನ ಮುಖ ಅರಳಿತು. ಅಂಗಡಿಯವನು ಚೀಟಿ ಕೈಗೆ ತಗೊಂಡು, “ತಮ್ಮಾ, ಶಾಖ 25ರಿಂದ 27. ಮೇ ತಿಂಗಳಿಗೆ ಏನ್ ಮಾಡ್ತಿ?” ಅಂತ ಕೇಳಿದ. ನೀರು ತಂಪು ಮಾಡುವ ಯಂತ್ರಕ್ಕೆ ಚಿಲ್ಲರ್ ಅನ್ನುತ್ತಾರೆ. ಅದರ ಬೆಲೆ ಕೇಳಿದೆವು. ತೊಟ್ಟಿ, ಮೀನು ಎಲ್ಲ ಕೂಡಿದ್ದಕ್ಕಿಂತ ಹೆಚ್ಚು. ಅದಕ್ಕೆ ಹಗಲೂ ರಾತ್ರಿ ಕರೆಂಟ್ ಬೇರೆ.

ಮೊಮ್ಮಗ ಚೀಟಿಯನ್ನು ಇನ್ನೊಮ್ಮೆ ಓದಿದ. ತಾನೇ ಬರೆದ ಚೀಟಿ. ಆಮೇಲೆ, “ಹಂಗಾದ್ರ ನಮ್ಮನಿಗೆ ಬ್ಯಾಡ ಮುತ್ಯಾ. ಇವು ಇಲ್ಲೇ ಇರ್ಲಿ. ನಾ ದಿನಾ ಬಂದು ಹಲಗಿ ಬರೀತೀನಿ” ಅಂದ.

ಅಂಗಡಿಯವನ ಒಂದು ವ್ಯಾಪಾರ ನಮ್ಮಿಂದಲೇ ಹೋಯಿತು ಅಂತ ನನಗೆ ಕಸಿವಿಸಿ. ಅವನು ಮಾತ್ರ ಬಳಪವನ್ನು ಹುಡುಗನ ಕೈಗೆ ಕೊಟ್ಟ. ಈಗ ಶಾಲೆ ಬಿಟ್ಟ ಮೇಲೆ ನಮ್ಮವನು ಅಲ್ಲಿ ಹೋಗಿ ಹೈಡ್ರೋಮೀಟರ್ ನೋಡುತ್ತಾನೆ, ಹಲಗೆ ಬರೆಯುತ್ತಾನೆ, ಗಾಜಿಗೆ ಮೂಗು ಒತ್ತಿ ನಿಂತ ಹುಡುಗರಿಗೆ ಸಾರಿನ ಕಥೆ ಹೇಳುತ್ತಾನೆ. ಅಟ್ಟದ ತೊಟ್ಟಿಯೂ ಕೆಳಗೆ ಇಳಿದಿದೆ. ಸಿಹಿನೀರು ತುಂಬಿಸಿದ್ದೇವೆ, ಅದೂ ಹದವಾಗಬೇಕಲ್ಲ. ಮಿರಗ ಮಳೆ ಬಿದ್ದು ಹವೆ ತಂಪಾದ ಮೇಲೆ ನಾಲ್ಕು ಗಪ್ಪಿ ತರುವುದು ಅಂತ ಮಾತಾಗಿದೆ. ಗಪ್ಪಿಯ ಚೀಟಿಯನ್ನು ಈ ಸಲ ನಾನು ಮೊದಲೇ ಕೇಳಿ ಓದಿದ್ದೇನೆ, ಮೊಮ್ಮಗನ ಮುಂದೆ ಬಾಯಿಪಾಠ ಒಪ್ಪಿಸಿದ್ದೇನೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಜೀವ ಇರುವ ಒಂದಕ್ಕೆ, ನಾಯಿ, ಗಿಣಿ, ಮೀನು, ತುಳಸಿ, ಯಾವುದೇ ಇರಲಿ, ಹತ್ತು ಸಾಲಿನ ಒಂದು ಚೀಟಿ ಬರೆಯಿರಿ. ಯಾವುದು ಗೊತ್ತಿಲ್ಲದಿದ್ದರೆ ಅದಕ್ಕೆ ತೊಂದರೆಯಾಗುತ್ತದೋ ಅದನ್ನೇ ಬರೆಯಿರಿ. ಬರೆಯುವಾಗ ಒಂದು ಸಾಲಿನಲ್ಲಿ ತಡವರಿಸಿದರೆ ಆಯಿಯನ್ನು ಕೇಳಿ, ಮುತ್ಯಾನನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅನ್ನಲಿ. ಆಮೇಲೆ ಇಬ್ಬರೂ ಕೂಡಿ ಗೊತ್ತಿದ್ದವರ ಹತ್ತಿರ ಹೋಗಿ.